ನಿಮ್ಮ ಓಲಾವುಸ್‌ಗೆ ಇನ್ನೂ ಭಯ ಹುಟ್ಟಿಲ್ಲ

ಪ್ರಿಯ ಲೇಖಕರೇ,

ಮಾರ್ಟಿನ್ ಲೂಥರನ ಹಾದಿ ಹಿಡಿದ ಸ್ವೀಡನ್ನಿನ ಚರ್ಚ್ ಸುಧಾರಕ ಓಲಾವುಸ್ ಪೆಟ್ರಿ ಮತ್ತು ದೊರೆ ಗುಸ್ತಾವ್ ವಾಸಾ ಕುರಿತ ನಿಮ್ಮ ಕಥೆ ಓದಿದೆವು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಮತ್ತೆ ನೋಡುತ್ತೇವೆ.

ದೊಡ್ಡ ತೊಡಕು ದೊರೆಯದು. ಮೊದಲ ಪುಟದಲ್ಲೇ ಅವನು ಹಲ್ಲು ಕಡಿಯುತ್ತಾನೆ. ಅಂಥವನ ಆಸ್ಥಾನಕ್ಕೆ ಓಲಾವುಸ್ ಹೋದದ್ದಾದರೂ ಯಾಕೆ? 1523ರಲ್ಲಿ ಪಟ್ಟಕ್ಕೇರಿದ ಗುಸ್ತಾವ್‌ಗೆ ಜರ್ಮನಿಯ ಲೂಬೆಕ್ ನಗರದ ಸಾಲ ಕುತ್ತಿಗೆಗೆ ಬಂದಿತ್ತು. ಬೆಳ್ಳಿ, ಭೂಮಿ ಎರಡೂ ಚರ್ಚಿನ ಕೈಲಿದ್ದವು. 1525ರಲ್ಲಿ ಓಲಾವುಸ್ ಮದುವೆಯಾದಾಗ ಬಿಷಪ್ ಹಾನ್ಸ್ ಬ್ರಾಸ್ಕ್ ದೂರು ಕೊಟ್ಟರೂ ದೊರೆ ಕಿವಿಗೊಡಲಿಲ್ಲ. 1527ರಲ್ಲಿ ವೆಸ್ಟೆರೋಸ್ ಪಟ್ಟಣದಲ್ಲಿ ಸೇರಿದ್ದ ದೇಶದ ಪ್ರತಿನಿಧಿಗಳ ಸಭೆಯಲ್ಲಿ ದೊರೆ ಸಿಂಹಾಸನವೇ ಬೇಡವೆಂದು ಎದ್ದು ಹೋದ. ಕೆಲವೇ ದಿನಗಳಲ್ಲಿ ಸಭೆ ಬಗ್ಗಿತು, ಚರ್ಚಿನ ‘ಹೆಚ್ಚುವರಿ’ ಆಸ್ತಿ ಅವನ ಪಾಲಾಯಿತು. 1531ರಲ್ಲಿ ಓಲಾವುಸ್ ಅವನ ಚಾನ್ಸಲರ್ ಕೂಡ ಆದ. ಮೊದಲು ಈ ಸಲಿಗೆ ಬರೆಯಿರಿ. ಸಲಿಗೆ ಕಾಣದಿದ್ದರೆ ಅದು ಮುರಿದದ್ದು ಓದುಗರಿಗೆ ತಟ್ಟುವುದಿಲ್ಲ.

1535ರ ಏಪ್ರಿಲ್ 20ರ ಬೆಳಗ್ಗೆಯನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಸ್ಟಾಕ್‌ಹೋಮ್ ಆಕಾಶದಲ್ಲಿ ಸೂರ್ಯನ ಸುತ್ತ ಬಿಳಿ ಬಳೆಗಳು, ಪಕ್ಕದಲ್ಲಿ ಹುಸಿಸೂರ್ಯಗಳು. ಓಲಾವುಸ್ ಅದರ ಚಿತ್ರ ಬರೆಸಿ ತಾನು ಉಪದೇಶ ಕೊಡುತ್ತಿದ್ದ ದೊಡ್ಡ ಚರ್ಚಿನಲ್ಲಿ ತೂಗುಹಾಕಿಸಿದ. ಆ ಹೊತ್ತಿಗೆ ಆಕಾಶದ ಕುರುಹೆಂದರೆ ಆಳುವವರಿಗೆ ಎಚ್ಚರಿಕೆ. ಇಡೀ ಒಂದು ಪುಟ ಇದಕ್ಕೇ ಕೊಡಿ.

ವಿಚಾರಣೆಯ ದೃಶ್ಯದಲ್ಲಿ ಭಾಷಣ ತೆಗೆದುಹಾಕಿ. ಅದು 1521ರಲ್ಲಿ ಜರ್ಮನಿಯ ವರ್ಮ್ಸ್‌ನಲ್ಲಿ ಚಕ್ರವರ್ತಿಯ ಮುಂದೆ ಮಾತು ಹಿಂತೆಗೆಯದೆ ಲೂಥರ್ ನಿಂತ ಭಂಗಿ. ವಿಚಾರಣೆ ನಡೆದ ಓರೆಬ್ರೋ ಪಟ್ಟಣದಲ್ಲಿ ಓಲಾವುಸ್‌ಗೆ ಒಗ್ಗುವುದಿಲ್ಲ. ಅವನ ಮೇಲಿದ್ದ ಆರೋಪ ನೋಡಿ: 1536ರಲ್ಲಿ ದೊರೆಯನ್ನು ಕೊಲ್ಲುವ ಸಂಚು ಪಾಪನಿವೇದನೆಯಲ್ಲಿ ಕಿವಿಗೆ ಬಿದ್ದಿದ್ದರೂ ಬಾಯಿಬಿಡಲಿಲ್ಲ ಎಂಬುದು. ಹೇಳಿದ್ದರೆ ಗುಟ್ಟು ಕೊಟ್ಟವನಿಗೆ ದ್ರೋಹ, ಹೇಳದಿದ್ದರೆ ರಾಜದ್ರೋಹ. ಇಷ್ಟು ಇರುವಾಗ ವೀರಾವೇಶ ಯಾಕೆ ಬೇಕು? ಅವನ ತಮ್ಮ, ಆರ್ಚ್‌ಬಿಷಪ್ ಲಾರೆಂಟಿಯುಸ್ ಪೆಟ್ರಿಯನ್ನು ನೀವು ಜನರ ನಡುವೆ ಅಳುತ್ತಾ ನಿಲ್ಲಿಸಿದ್ದೀರಿ. ಅವನು ಕೂತಿದ್ದದ್ದು ನ್ಯಾಯಾಧೀಶರ ಸಾಲಿನಲ್ಲಿ. ಅಣ್ಣನಿಗೆ ಮರಣದಂಡನೆ ಎಂದಾಗ ಅವನ ಕೈ ಎಲ್ಲಿತ್ತು, ಕಣ್ಣು ಎತ್ತ ಇತ್ತು? ಅದನ್ನು ಬರೆಯಿರಿ.

ಕೊನೆಯಲ್ಲಿ ದೊರೆಯ ಮನ ಕರಗಿ ಕ್ಷಮಿಸಿದನೆಂದಿದ್ದೀರಿ. ಆದರೆ ನಡೆದದ್ದು ಬೇರೆ: ಮರಣದಂಡನೆ ದಂಡದ ಹಣಕ್ಕಿಳಿಯಿತು, ಸ್ಟಾಕ್‌ಹೋಮ್ ನಾಗರಿಕರು ಹಣ ಕಟ್ಟಿದರು. 1543ರಲ್ಲಿ ಓಲಾವುಸ್ ಅದೇ ದೊಡ್ಡ ಚರ್ಚಿನ ಪಾದ್ರಿಯಾದ.

ಚಿಲ್ಲರೆ ತಪ್ಪುಗಳು: ಔತಣದಲ್ಲಿ ಆಲೂಗಡ್ಡೆ ಬೇಡ, ಅದಿನ್ನೂ ಆ ದೇಶಕ್ಕೆ ಬಂದಿರಲಿಲ್ಲ, ಉಪ್ಪುಮೀನು, ಬಿಯರ್ ಸಾಕು. ‘ರಾಜಗುರು’, ‘ಮಠಾಧೀಶ’ ಎಂದರೆ ಕಥೆ ಹಂಪಿಗೆ ಹೋಗಿಬಿಡುತ್ತದೆ. ಪಾದ್ರಿ, ಬಿಷಪ್ ಎಂದೇ ಬರೆಯಿರಿ. ಉಪದೇಶಕ್ಕೆ ‘ಪ್ರಸಂಗ’ ಎಂದಿದ್ದೀರಿ, ಕನ್ನಡ ಕ್ರೈಸ್ತರ ರೂಢಿಯ ಮಾತೇ. ಆದರೆ ಕರಾವಳಿಯ ಓದುಗರು ಯಕ್ಷಗಾನದ ಚೆಂಡೆ ಕೇಳಿಸಿಕೊಳ್ಳುತ್ತಾರೆ. ಮೊದಲ ಸಲ ಬಳಸುವಾಗ ಅರ್ಥ ತಿಳಿಯುವಂತೆ ವಾಕ್ಯ ಕಟ್ಟಿ.