ಶೀಘ್ರಸ್ಖಲನ: ಹೆಂಡತಿಯನ್ನು ಯಾಕೆ ಕರೆಸಿದೆ?

"ಹೊಟ್ಟಿ ಸರಿ ಇಲ್ರಿ ಸರ" ಅಂತಲೇ ಆತ ಶುರು ಮಾಡಿದ. ಕಲಬುರಗಿಯ ನನ್ನ ಆಪ್ತಸಲಹೆಯ ಕೋಣೆಗೆ ಶೀಘ್ರಸ್ಖಲನದ, ಅಂದರೆ ಸಂಭೋಗದಲ್ಲಿ ಬಹಳ ಬೇಗ ವೀರ್ಯ ಹೋಗಿಬಿಡುವ ತೊಂದರೆ ಹೊತ್ತು ಬರುವವರಲ್ಲಿ ಬಹಳ ಜನ ಹೊಟ್ಟೆಯಿಂದಲೋ ನಿದ್ದೆಯಿಂದಲೋ ಮಾತು ತೆಗೆಯುತ್ತಾರೆ. 29ರ ಹುಡುಗ, ದಾಲ್ ಮಿಲ್ಲಿನಲ್ಲಿ ಕೆಲಸ. ಮದುವೆಯಾಗಿ ಒಂದೂವರೆ ವರ್ಷ, ಹೆಂಡತಿ ಮೂರು ತಿಂಗಳಿಂದ ತವರಿನಲ್ಲಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಏಳುವ ಹೊತ್ತಿಗೆ ಚೀಲದಿಂದ ಪೊಟ್ಟಣಗಳನ್ನು ತೆಗೆದು ಮೇಜಿನ ಮೇಲಿಟ್ಟ. ಹಳೆ ಪೇಪರಿನಲ್ಲಿ ಕಟ್ಟಿದ ಕಂದು ಪುಡಿ, ಹೆಸರಿಲ್ಲ, ತಾರೀಖಿಲ್ಲ. ಗೋಡೆ ಮೇಲಿನ 'ಗುಪ್ತರೋಗ' ಬರಹ ನೋಡಿ ಹೋಗಿ 18 ಸಾವಿರ ಕೊಟ್ಟು ತಂದದ್ದು. "ಜಲ್ದಿ ಆಗಿಬಿಡ್ತದ್ರಿ. ಒಂದು ನಿಮಿಷನೂ ಇಲ್ಲ. ಮೊದಲಿಂದ್ಲೂ ಹಿಂಗೇ." ಸಂಭೋಗಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಗೋಡೆಗಳು ಖಾಲಿಯಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಸಂಭೋಗ ಅರ್ಧ ಗಂಟೆ ನಡೆಯಬೇಕೆಂದು ಆತ ನಂಬಿದ್ದ. ಐದು ದೇಶಗಳ ಸುಮಾರು 500 ಜೋಡಿಗಳು ಸ್ಟಾಪ್‌ವಾಚ್ ಹಿಡಿದು ಅಳೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರದ್ದು 5.4 ನಿಮಿಷದೊಳಗೇ ಮುಗಿದಿತ್ತು. ಹಾಗಂತ ಇವನದು ಬರೀ ಭ್ರಮೆ ಅಂತ ನಾನು ಹೇಳಲಿಲ್ಲ. ಮೊದಲಿನಿಂದಲೂ ಸುಮಾರು ಒಂದು ನಿಮಿಷದೊಳಗೆ ಆಗುವುದು, ತಡೆಯಲು ಆಗದಿರುವುದು, ಅದರಿಂದ ಮನಸ್ಸು ನೋಯುವುದು: ಮೂರೂ ಇದ್ದರೆ ಅದು ಚಿಕಿತ್ಸೆ ಬೇಕಾದ ತೊಂದರೆಯೇ. ಮೊದಲು ಸರಿಯಿದ್ದು ಆಮೇಲೆ ಶುರುವಾದರೆ ಥೈರಾಯ್ಡ್ ತೊಂದರೆ, ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿನ ಗ್ರಂಥಿ) ಉರಿಯೂತ ಕೂಡ ನೋಡಿಸಬೇಕು.

ಹೆಂಡತಿಯನ್ನು ಕರೆತರಲು ಆತ ಒಪ್ಪಿದ್ದು ಎರಡು ವಾರದ ಮೇಲೆ. ಜೊತೆಗೆ ಬಂದ ಅತ್ತಿಗೆಯನ್ನು ಹೊರಗೆ ಕೂರಿಸಿ ಆಕೆ ಒಳಗೆ ಬಂದಳು. ಯಾಕೆ ತವರಿಗೆ ಹೋದಿರಿ ಎಂದು ಕೇಳಿದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದಳು.

"ಜಲ್ದಿ ಆಗ್ತದಂತ ನಾ ಹೋಗಿಲ್ರಿ. ಆದಮ್ಯಾಲ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾರ. ಒಂದು ಮಾತಿಲ್ಲ. ನಾನೇ ಮನಸಿಗಿ ಬಂದಿಲ್ಲೇನೋ ಅಂದ್ಕೊಂಡೀನಿ."

ಆತ ತಲೆ ತಗ್ಗಿಸಿ ಉಗುರಿನ ಸಂದಿಯ ತೊಗರಿ ಧೂಳು ಕೆರೆಯುತ್ತಿದ್ದ. ಆಮೇಲೆ ಅಂದ: "ನಿನಗ ಮಾರಿ ತೋರ್ಸಲಾಕ ನಾಚ್ಕಿ ಬರ್ತಿತ್ತು." ಆ ದಿನ ನಾನು ಮತ್ತೇನೂ ಹೇಳಲಿಲ್ಲ.

ಗಂಡಸಿನ ಮಾನದ ಪ್ರಶ್ನೆ, ಆಕೆಯನ್ನು ಕರೆಸಬಾರದಿತ್ತು ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಒಪ್ಪಿಗೆಯಿಲ್ಲದೆ ಯಾರನ್ನೂ ಕರೆಸುವುದಿಲ್ಲ, ಆದರೆ ಒಪ್ಪಿಸಲು ಪ್ರಯತ್ನ ಬಿಡುವುದೂ ಇಲ್ಲ. ಆತ ಬಚ್ಚಿಟ್ಟಷ್ಟು ದಿನ ಆಕೆ ತನ್ನನ್ನೇ ಬೈದುಕೊಂಡಳು. ಆ ಮಾನಕ್ಕೆ ಬೆಲೆ ಕೊಟ್ಟವಳು ಆಕೆ.

ಅದಕ್ಕಿಂತ ಮುಖ್ಯ, ನಾನು ಹೇಳಿಕೊಟ್ಟ ಅಭ್ಯಾಸ ಒಬ್ಬನೇ ಪೂರ್ತಿ ಮಾಡುವಂಥದ್ದಲ್ಲ. 1956ರಲ್ಲಿ ಅಮೆರಿಕದ ವೈದ್ಯ ಸೆಮನ್ಸ್ ವಿವರಿಸಿದ 'ನಿಲ್ಲಿಸಿ ಮುಂದುವರಿಸುವ' ವಿಧಾನ ಅದು. ಇನ್ನೇನು ಆಗುತ್ತದೆ ಅನ್ನುವುದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಬೇಕು, ಒತ್ತಡ ಇಳಿದ ಮೇಲೆ ಮತ್ತೆ ಶುರು ಮಾಡಬೇಕು. ಮೊದಲು ಒಬ್ಬನೇ, ನಂತರ ಹೆಂಡತಿಯ ಕೈಯಿಂದ, ಕೊನೆಗೆ ಸಂಭೋಗದಲ್ಲಿ. ವಾರಗಟ್ಟಲೆ ಬೇಕು, "ನಿಲ್ಲು" ಎಂದು ಬಾಯಿಬಿಟ್ಟು ಹೇಳಬೇಕು. ಗೋಡೆಗೆ ಮುಖ ಮಾಡಿದವನಿಗೆ ಅದು ಹೇಗಾದೀತು?

ಪುಡಿ ನಿಲ್ಲಿಸಿ ವೈದ್ಯರಲ್ಲಿಗೆ ಕಳಿಸಿದೆ. ಡಾಪಾಕ್ಸೆಟಿನ್‌ನಂಥ ಮಾತ್ರೆಗಳಿವೆ, ಮರಗಟ್ಟಿಸುವ ಮುಲಾಮುಗಳಿವೆ. ಆದರೆ ಗೆಳೆಯ ಹೇಳಿದನೆಂದು ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲ ಅದು. ಹೃದ್ರೋಗ ಇರುವವರಿಗೆ, ಖಿನ್ನತೆಯ ಕೆಲವು ಮಾತ್ರೆ ತಗೊಳ್ಳುವವರಿಗೆ ಅಪಾಯವಾದೀತು.

ಇಬ್ಬರೂ ಈಗ ಒಂದೇ ಮನೆಯಲ್ಲಿದ್ದಾರೆ, ಅಭ್ಯಾಸ ನಡೆದಿದೆ.

ಓದುತ್ತಿರುವವರಲ್ಲಿ ಇಂಥವರಿದ್ದರೆ, ದೊಡ್ಡ ಸರ್ಕಾರಿ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಜನರೆದುರು ಕಾರಣ ಹೇಳಬೇಕಾಗಿಲ್ಲ. "ಮನೋರೋಗ ವಿಭಾಗ" ಅಥವಾ "ಚರ್ಮ ವಿಭಾಗ" ಅಂದರೆ ಸಾಕು, ಉಳಿದದ್ದು ಬಾಗಿಲು ಹಾಕಿದ ಮೇಲೆ ವೈದ್ಯರಿಗೆ. ಅದಕ್ಕೂ ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.