ಕಡಲಿನಲ್ಲಿ ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಸಣ್ಣ ದೋಣಿಗಳಿಗೆ ವಿನಾಯಿತಿ ಇದೆಯಲ್ಲ, ಹಾಗಾದರೆ ನಮ್ಮ ಹಳ್ಳದಲ್ಲಿ ಮನೆಯ ಮಟ್ಟಿಗೆ ಹತ್ತುಮೀನು (ಮೊದಲ ಮಳೆಗೆ ಹರಿವಿನ ಎದುರಾಗಿ ಮೇಲೆ ಹತ್ತುವ ಮೀನು) ಹಿಡಿಯಬಹುದೇ?

ತೀರ್ಥಹಳ್ಳಿ ಕಡೆಯವನಾದ ನಾನೂ ಇದೇ ತರ್ಕವನ್ನು ನಂಬಿ ತುಂಗೆಗೆ ಸೇರುವ ಹಳ್ಳವೊಂದರಲ್ಲಿ ಕೂಣಿ, ಅಂದರೆ ಮೀನು ಒಳಹೊಕ್ಕರೆ ಹೊರಬರಲಾಗದ ಬುಟ್ಟಿಯಂಥ ಸಾಧನ, ಇಟ್ಟವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಹಾಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳು ಮಾತ್ರ ಕಡಲಿಗಿಳಿಯುವಂತಿಲ್ಲ ಎಂದು ಪತ್ರಿಕೆಯಲ್ಲಿ ಓದಿ, ದೋಣಿಯೇ ಇಲ್ಲದ ನನ್ನನ್ನು ಕೇಳುವವರು ಯಾರು ಎಂದುಕೊಂಡಿದ್ದೆ. ಕೂಣಿಯೂ ಬಲೆಯೂ ಜಪ್ತಿಯಾದವು, ಮೇಲಿಂದ ದಂಡ.

ನಾನು ಎಡವಿದ್ದು ಕಾನೂನನ್ನು ಓದದೆ ಅಲ್ಲ, ಬೇರೆ ನೀರಿನ ಕಾನೂನನ್ನು ಓದಿ. ಆ ವಿನಾಯಿತಿ ಸೇರಿರುವುದು ಕಡಲ ಮೀನುಗಾರಿಕೆಗೆ. ಅದಕ್ಕೆ ರಾಜ್ಯದ 1986ರ ಕಾಯ್ದೆಯಿದ್ದು, ಅದರ ವ್ಯಾಪ್ತಿ ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಸಮುದ್ರ. ಅದರಾಚೆಗಿನದನ್ನು ಕೇಂದ್ರ ಸರ್ಕಾರ ನೋಡಿಕೊಳ್ಳುತ್ತದೆ. ನದಿ, ಕೆರೆ, ಜಲಾಶಯಗಳಿಗೆ ಒಳನಾಡು ಮೀನುಗಾರಿಕೆಯ 1996ರ ಕಾಯ್ದೆಯೇ ಬೇರೆ ಇದೆ. ಅಲ್ಲಿ ಪರವಾನಗಿ ಬೇಕು, ಮಳೆಗಾಲದ ನಿಷೇಧದ ಆದೇಶವೂ ಪ್ರತ್ಯೇಕವಾಗಿ ಬರುತ್ತದೆ. ಒಂದು ಕಾಯ್ದೆಯ ವಿನಾಯಿತಿಯನ್ನು ಇನ್ನೊಂದರ ಮುಂದೆ ಹಿಡಿದರೆ ಅಧಿಕಾರಿಗಳು ನಗುತ್ತಾರೆ. ನನ್ನೆದುರು ನಕ್ಕರು ಕೂಡ.

ಆದರೆ 'ಮನೆಯ ಮಟ್ಟಿಗೆ' ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಮೊದಲ ಮಳೆಗೆ ಹಳ್ಳ ಕೆಂಪಾಗಿ ಏರಿದಾಗ ಮೀನು ಪ್ರವಾಹಕ್ಕೆ ಎದುರಾಗಿ ಗದ್ದೆಯತ್ತ ಹತ್ತುವುದು ಮೊಟ್ಟೆಯಿಡಲಿಕ್ಕೆ. ಮೊಳಕಾಲುದ್ದದ ಒಂದು ಕಂಡಿಯಲ್ಲಿ ಕೂಣಿಯ ಬಾಯಿಯನ್ನು ಹರಿವಿನ ಕೆಳಮುಖಕ್ಕೆ ಇಟ್ಟರೆ, ಆ ದಾರಿಯಲ್ಲಿ ಹತ್ತಿದ್ದೆಲ್ಲ ಒಳಗೆ ಬೀಳುತ್ತದೆ. ಕೊಯ್ದರೆ ಹೊಟ್ಟೆಯ ತುಂಬ ರಾಗಿಯಂಥ ಹಳದಿ ಮೊಟ್ಟೆ. ವಿಶಾಲವಾದ ಕಡಲಿನಲ್ಲಿ ಸಣ್ಣ ದೋಣಿಗೆ ವಿನಾಯಿತಿ ಕೊಡಬಹುದು. ಇಲ್ಲಿ ಸಣ್ಣ ಬಲೆಯೇ ಇಡೀ ಹಳ್ಳಕ್ಕೆ ಅಡ್ಡ ನಿಲ್ಲುತ್ತದೆ. (ಅಜ್ಜನ ಕಾಲದಿಂದ ಹಿಡಿಯುತ್ತಿದ್ದೇವೆ ಎನ್ನುವವರಿಗೆ, ಅಜ್ಜನ ಕಾಲದಷ್ಟು ಮೀನು ಈಗೆಲ್ಲಿ ಎಂದಷ್ಟೇ ಕೇಳುತ್ತೇನೆ.)

ಮಳೆ ಇಳಿದು ನಿಷೇಧ ಮುಗಿದ ಮೇಲೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಪರವಾನಗಿ ಪಡೆದು ಹಿಡಿಯಿರಿ. ಕೆರೆ ಅಥವಾ ಜಲಾಶಯವಾದರೆ ಸಹಕಾರ ಸಂಘಕ್ಕೆ ಗುತ್ತಿಗೆಗೆ ಹೋಗಿದೆಯೇ ಎಂದು ಮೊದಲೇ ವಿಚಾರಿಸಿ. ನಮ್ಮ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮದ (ಮೀನುಗಳ ರಕ್ಷಿತ ತಾಣದ) ಆಸುಪಾಸಿನಲ್ಲಂತೂ ಯಾವ ಕಾಲದಲ್ಲೂ ಗಾಳ ಹಿಡಿದು ನಿಲ್ಲಬೇಡಿ.