ನಡೆಯಲಾಗದ ಮಗುವಿಗೆ ಬೀಳದೆಯೂ ಮೂಳೆ ಮುರಿಯುವುದು ಯಾಕೆ?

ಪ್ರಶ್ನೆ: ಸೋಮವಾರಪೇಟೆ ಕಡೆಯವರು. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತ ತಪ್ಪುವ ಸ್ಥಿತಿ) ಇರುವ 8 ವರ್ಷದ ಮಗಳು ಎಲ್ಲೂ ಬಿದ್ದಿಲ್ಲ, ಆದರೂ ತೊಡೆಮೂಳೆ ಮುರಿದಿದೆ. ನಾವು ಸರಿಯಾಗಿ ನೋಡಿಕೊಳ್ಳಲಿಲ್ಲವೇ?

ಉತ್ತರ: ಹಾಗೆಂದು ಕೊರಗಬೇಡಿ. ಮೈಭಾರ ಹೊರದ ಕಾಲಿನ ಮೂಳೆ ತೆಳ್ಳಗೇ ಉಳಿಯುತ್ತದೆ. ಇಂಥ ಮಕ್ಕಳಲ್ಲಿ ಹೆಚ್ಚಾಗಿ ಮುರಿಯುವುದು ಮೊಣಕಾಲಿನ ಸ್ವಲ್ಪ ಮೇಲೆ. ಪ್ಯಾಂಟ್ ಹಾಕುವಾಗ ಪಾದ ಹಿಡಿದು ತಿರುಚಿದರೆ, ಬಿಗಿದ ಮೊಣಕಾಲನ್ನು ಬಲವಂತವಾಗಿ ಬಿಡಿಸಿದರೆ ಸಾಕು. ಕಾಲು ಸನ್ನೆಗೋಲಿನಂತಾಗಿ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಡೈಪರ್ ಬದಲಿಸುವಾಗ ಪಾದ ಹಿಡಿದು ಎತ್ತದೆ ಮಗುವನ್ನು ಪಕ್ಕಕ್ಕೆ ಹೊರಳಿಸಿ. ಎತ್ತಿಕೊಳ್ಳುವಾಗ ಒಂದು ಕೈ ಎರಡೂ ತೊಡೆಗಳ ಕೆಳಗೆ, ಇನ್ನೊಂದು ಬೆನ್ನಿಗೆ. ಪ್ಲಾಸ್ಟರ್ ಬಿಚ್ಚಿದ ಮೊದಲ ವಾರಗಳಲ್ಲಿ ಇನ್ನೂ ಜೋಪಾನ: ಅಲ್ಲಾಡದೆ ಇದ್ದ ಮೂಳೆ ಮತ್ತಷ್ಟು ಸವೆದಿರುತ್ತದೆ.

ಮೂಳೆಗೆ ಬೇಕಾದ ವಿಟಮಿನ್ ಡಿ ಬಿಸಿಲಿನಿಂದ ಸಿಗುತ್ತದೆ; ಕೊಡಗಿನ ಮಳೆಗಾಲದಲ್ಲಿ ಬಿಸಿಲೇ ಅಪರೂಪ. ಜೊತೆಗೆ ಫೆನಿಟಾಯಿನ್, ಫಿನೋಬಾರ್ಬಿಟೋನ್‌ನಂಥ ಫಿಟ್ಸ್ ಮಾತ್ರೆಗಳು ವಿಟಮಿನ್ ಡಿ ಮಟ್ಟ ತಗ್ಗಿಸುತ್ತವೆ. ಮಾತ್ರೆ ಮಾತ್ರ ನಿಲ್ಲಿಸಲೇಬೇಡಿ. ರಕ್ತದಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಪ್ರತಿ ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರು ಡೋಸ್ ಬರೆಯುತ್ತಾರೆ. ಕ್ಯಾಲ್ಸಿಯಂಗೆ ರಾಗಿ ಒಳ್ಳೆಯದು, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ನುಂಗಲು ತೊಂದರೆಯಿದ್ದರೆ ಗಟ್ಟಿ ಗಂಜಿ ಮಾಡಿ, ಮೊಸರು ಸೇರಿಸಿ.

ಮಾತು ಬಾರದ ಮಗು ಡೈಪರ್ ಬದಲಿಸುವಾಗಷ್ಟೇ ಕಿರುಚಿ ಅತ್ತರೆ, ಒಂದು ತೊಡೆ ಊದಿ ಬೆಚ್ಚಗಿದ್ದರೆ ಮಾಲೀಶು ಬೇಡ, ಅವತ್ತೇ ಎಕ್ಸ್‌ರೇ ತೆಗೆಸಿ.

ತೊಡೆಮೂಳೆ ಹೀಗೆ ಮುರಿದ ಮೇಲೆ ಬಿಸ್ಫಾಸ್ಫೊನೇಟ್ (ಮೂಳೆ ಸವೆತ ತಡೆಯುವ ಔಷಧ) ಡ್ರಿಪ್ ಬೇಕೇ ಎಂದು ಮಕ್ಕಳ ಮೂಳೆ ತಜ್ಞರನ್ನು ಕೇಳಿ. ಅದಕ್ಕೆ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ ಸರಿಯಾಗಿರಬೇಕು; ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರಬಹುದು.